ಮಾಳಿಗೆಯ ತೊಲೆ, ಅವ್ವನ ಮಂಚ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀರಿ, ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಮೇಲೆ ಬಂದ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದರು. ಆ ಭಾಷಣವನ್ನು ನನಗಿಂತ ಚೆನ್ನಾಗಿ ಮಾಡುವವರು ಈ ಸಭೆಯಲ್ಲೇ ಐದಾರು ಜನ ಇದ್ದಾರೆ. ನಾನು ಒಂದು ಮಂಚದ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ "ಆಯ್ತು, ಆದರೆ ಹತ್ತೇ ನಿಮಿಷ" ಎಂದರು. ಹತ್ತು ನಿಮಿಷ ದಾಟಿದರೆ ಮಂಚದ್ದೇ ತಪ್ಪು.

ನಮ್ಮದು ಮಾಳಿಗೆ ಮನೆ. ನಿಮ್ಮಲ್ಲಿ ಬಹಳ ಜನ ಅಂಥ ಮನೆಯಲ್ಲೇ ಹುಟ್ಟಿದವರು. ದಪ್ಪ ಮಣ್ಣಿನ ಗೋಡೆ, ನಡುವೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆ, ಸೊಪ್ಪು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯದಿದ್ದರೆ ಸೋರುವುದು ಖಚಿತ. ಅಪ್ಪ ಇರುವವರೆಗೆ ತುಳಿದರು. ಅಪ್ಪ ಹೋದ ಮೇಲೆ ತುಳಿಯುವವರು ಇರಲಿಲ್ಲ, ತುಳಿಯಬೇಕಾದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಒಂದು ಮಳೆಗಾಲ ಹಿಂದಿನ ಅಂಕಣ ಕುಸಿಯಿತು. ದೇವರ ದಯೆ, ಅವ್ವ ಪಡಸಾಲೆಯಲ್ಲಿ ಮಲಗಿದ್ದಳು.

ಹಿತ್ತಿಲಲ್ಲಿ ಎರಡು ಕೋಣೆಯ ಆರ್‌ಸಿಸಿ ಮನೆ ಕಟ್ಟಿಸಿ, ಹಳೆಯದನ್ನು ಕೆಡವುವುದು ಎಂದಾಯಿತು. ಒಬ್ಬ ವ್ಯಾಪಾರಿ ಬಂದು ನೋಡಿದ. ನಾನು ಆಫೀಸಿನ ಮೀಟಿಂಗಿನ ನಡುವೆ ಹೊರಗೆ ಬಂದು ಫೋನಿನಲ್ಲಿ ಮಾತಾಡಿದೆ. "ಸರ್, ಹಳೇ ಕಟ್ಟಿಗಿ, ಹುಳ ಬಿದ್ದೈತಿ, ಸೌದೆ ರೇಟಿಗೆ ಒಯ್ತೀನಿ" ಎಂದ. ನಾನು ಹೂಂ ಎಂದೆ. ಎರಡು ನಿಮಿಷದ ಮಾತು. ಜೆಸಿಬಿ ಬಂತು, ಅರ್ಧ ದಿನದಲ್ಲಿ ಮನೆ ನೆಲಸಮ. ತೇಗದ ನಾಲ್ಕು ತೊಲೆ, ಎಂಟು ಕಂಬ ಟ್ರ್ಯಾಕ್ಟರಿಗೆ ಹೋದವು, ಕ್ವಿಂಟಲ್ ಲೆಕ್ಕದಲ್ಲಿ ತೂಕವಾದವು. ಆ ತೊಲೆಗಳನ್ನು ನಮ್ಮ ಮುತ್ತಜ್ಜ ಬಂಡಿ ಹೂಡಿಕೊಂಡು ಹೋಗಿ ತಂದಿದ್ದನಂತೆ. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಟ್ರ್ಯಾಕ್ಟರ್ ಹೋಗುವಾಗ ಬಾಗಿಲಲ್ಲಿ ನಿಂತಿದ್ದಳು ಎಂದು ಪಕ್ಕದ ಮನೆಯ ಚಿಕ್ಕಮ್ಮ ಹೇಳಿದ್ದು ಬಹಳ ದಿನದ ಮೇಲೆ.

ಅದೇ ವರ್ಷ ನಾನು ಬೆಂಗಳೂರಿನಲ್ಲಿ ಹದಿನೆಂಟು ಸಾವಿರ ಕೊಟ್ಟು, ಅದೂ ತಿಂಗಳ ಕಂತಿನಲ್ಲಿ, ಒಂದು ಮಂಚ ಕೊಂಡಿದ್ದೆ. ನೋಡಲು ತೇಗದ ಹಾಗೇ ಇತ್ತು. ಅದು ತೇಗದ ಚಿತ್ರ ಅಂಟಿಸಿದ ಪಾರ್ಟಿಕಲ್ ಬೋರ್ಡ್. ಕಟ್ಟಿಗೆಯ ಚೂರು, ಪುಡಿಗಳನ್ನು ಅಂಟಿನಲ್ಲಿ ಕಲಸಿ, ಬಿಸಿ ಮಾಡಿ ಒತ್ತಿದ ಹಲಗೆ. ಅದರಲ್ಲಿ ನಾರು ಇಲ್ಲ. ಹಾಗಾಗಿ ಒಂದು ಸಲ ಹಾಕಿದ ಸ್ಕ್ರೂ ಬಿಚ್ಚಿ ಮತ್ತೆ ಅದೇ ತೂತಿಗೆ ಹಾಕಿದರೆ ಹಿಡಿಯುವುದಿಲ್ಲ, ಪುಡಿ ಉದುರುತ್ತದೆ. ನೀರು ತಾಗಿದರೆ ಅಂಚು ಊದಿಕೊಳ್ಳುತ್ತದೆ. ಬಾಡಿಗೆ ಮನೆಯವರ ಪಾಡು ನಿಮಗೆ ಗೊತ್ತು, ಮೂರು ವರ್ಷದಲ್ಲಿ ಮೂರು ಮನೆ ಬದಲಾಯಿತು. ಮೂರನೆಯ ಮನೆಯಲ್ಲಿ ಒಂದು ರಾತ್ರಿ ಮಂಚದ ಪಕ್ಕಪಟ್ಟಿ ಕಿತ್ತು ಬಂತು, ನಾನು ನೆಲಕ್ಕೆ. ಕಂತು ಮಾತ್ರ ಇನ್ನೂ ಎರಡು ತಿಂಗಳು ಬಾಕಿ ಇತ್ತು.

ಕೆಳಗೆ ಹಾಸಿಗೆ ಹಾಸಿ ಮಲಗಿದ್ದಾಗ ನನಗೆ ಲೆಕ್ಕ ಹೊಳೆಯಿತು. ನಿಜವಾದ ತೇಗವನ್ನು ಸೌದೆಯ ಬೆಲೆಗೆ ಮಾರಿದ್ದೆ, ಪುಡಿಯ ಹಲಗೆಯನ್ನು ತೇಗದ ಬೆಲೆಗೆ ಕೊಂಡಿದ್ದೆ. ಬಿ.ಇ. ಓದಿದವನ ಲೆಕ್ಕ ಇದು.

ಮುಂದಿನ ಮಂಚ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಯಂತ್ರ, ಬಿಡಿಭಾಗಗಳನ್ನು ಹೇರಿ ಬರುವ ಪ್ಯಾಲೆಟ್‌ಗಳು, ಪೆಟ್ಟಿಗೆಗಳು ಕೆಲಸ ಮುಗಿದ ಮೇಲೆ ಗುಜರಿಗೆ ಬೀಳುತ್ತವೆ. ಹೆಚ್ಚಿನವು ಪೈನ್ ಮರ. ಗುಜರಿಯವರು ಕೆ.ಜಿ. ಲೆಕ್ಕದಲ್ಲೇ ಕೊಡುತ್ತಾರೆ. ಇಲ್ಲಿ ಒಂದು ಮಾತು ಗಮನದಲ್ಲಿಡಿ. ವಿದೇಶದಿಂದ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆಯಂಥ ಒಂದು ಮುದ್ರೆ ಸುಟ್ಟಿರುತ್ತಾರೆ. ಅದರ ಪಕ್ಕ ಎಚ್‌ಟಿ ಎಂದಿದ್ದರೆ ಹುಳು ಸಾಯಲೆಂದು ಮರವನ್ನು ಒಳತಿರುಳಿನವರೆಗೆ 56 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಾಯಿಸಿದ್ದಾರೆ ಎಂದರ್ಥ, ತೆಗೆದುಕೊಳ್ಳಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟದ್ದು, ಬಿಟ್ಟುಬಿಡಿ. ಮುದ್ರೆಯೇ ಇಲ್ಲದೆ ಎಣ್ಣೆಯೋ ರಾಸಾಯನಿಕವೋ ಚೆಲ್ಲಿ ಕಲೆಯಾದದ್ದು ಎಷ್ಟು ಅಗ್ಗವಿದ್ದರೂ ಮಲಗುವ ಕೋಣೆಗೆ ಬೇಡ.

ನಾಲ್ಕು ಭಾನುವಾರ ಮಹಡಿಯ ಮೇಲೆ ಕೂತು ಕೊಯ್ದೆ, ಉಜ್ಜಿದೆ, ಮೊಳೆ ಹೊಡೆದೆ. ಮಂಚ ಚೆನ್ನಾಗೇ ಆಯಿತು. ಕೆಳಗೆ ಇಳಿಸಲು ಹೋದರೆ ಮಹಡಿಯ ಬಾಗಿಲಲ್ಲಿ ಹಿಡಿಯಲಿಲ್ಲ! ಎಲ್ಲ ಮೂಲೆಗೂ ಮೊಳೆ ಜಡಿದು ಒಂದೇ ತುಂಡು ಮಾಡಿದ್ದೆ. ಮಾಲೀಕರು, ಅವರ ಮಕ್ಕಳು, ಪಕ್ಕದ ಮನೆಯವರು ಎಲ್ಲ ಬಂದು ನೋಡಿದರು. ಕೊನೆಗೆ ಮೂಲೆಗಳನ್ನು ಕೊಯ್ದು ಇಳಿಸಿ, ಬೋಲ್ಟ್ ಹಾಕಿ ಮತ್ತೆ ಜೋಡಿಸಿದೆ. ಆ ಮಂಚದ ಮೇಲೆ ಇವತ್ತಿಗೂ ಮಲಗುತ್ತಿದ್ದೇನೆ. ಮೂಲೆಯ ಗಾಯ ಕಾಣುತ್ತದೆ.

ಊರಿನ ಮಂಚದ ಕಥೆ ಶುರುವಾಗುವುದು ಆಮೇಲೆ. ಅವ್ವನಿಗೆ ಮಂಡಿ ನೋವು ಜಾಸ್ತಿಯಾಯಿತು. ನೆಲದಿಂದ ಏಳಲು ಗೋಡೆ ಹಿಡಿಯಬೇಕು, ರಾತ್ರಿ ಎರಡು ಸಲ ಏಳಬೇಕು. ಹಳೆಯ ಹೊರಸು ಇತ್ತು, ಅದರ ಹಗ್ಗ ಜೋತು ತೊಟ್ಟಿಲ ಹಾಗೆ ಆಗಿತ್ತು. ಡಾಕ್ಟರು ಗಟ್ಟಿ ಮಂಚದ ಮೇಲೆ ಮಲಗಿಸಿ ಎಂದರು. ಯುಗಾದಿಗೆ ಬಂದವನು ದನದ ಕೊಟ್ಟಿಗೆಯಲ್ಲಿ ಹುಡುಕಿದರೆ, ಆ ದಿನ ವ್ಯಾಪಾರಿ "ಇದು ಬ್ಯಾಡ" ಎಂದು ಬಿಟ್ಟುಹೋದ ಸಾಮಾನು ಬಿದ್ದಿತ್ತು. ಬೇವಿನ ಒಂದು ತೊಲೆ, ಒಂಬತ್ತು ಜಂತಿ, ಹಿಂಬಾಗಿಲಿನ ಎರಡು ಕದ, ಮುರಿದ ಬಂಡಿಯ ಒಂದು ನೊಗ.

ನಮ್ಮ ಓಣಿಯ ಬಡಿಗೇರ ಅಜ್ಜನನ್ನು ಕರೆದುಕೊಂಡು ಬಂದೆ. ಅವರ ಹೆಸರು ಹೇಳಬೇಡ ಎಂದಿದ್ದಾರೆ, ಸಭೆಯಲ್ಲೇ ಹಿಂದೆ ಎಲ್ಲೋ ಕೂತಿದ್ದಾರೆ. ಒಂದು ಕಾಲಕ್ಕೆ ಅರ್ಧ ಊರಿನ ಕುಂಟೆ, ಕೂರಿಗೆ, ಬಂಡಿಗಾಲಿ ಅವರ ಮನೆತನದ ಕೈಯಲ್ಲೇ ಆಗುತ್ತಿದ್ದವು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದರು. ಈಗ ಕುಂಟೆ ಕಬ್ಬಿಣದ್ದು, ಬಾಗಿಲು ಅಂಗಡಿಯದು. ಅವರ ಮಗ ಬೆಂಗಳೂರಿನಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನೆ, ನಾನಿರುವ ಬಡಾವಣೆಯಿಂದ ಬಹಳ ದೂರವೇನಲ್ಲ.

ಅಜ್ಜ ತೊಲೆಯನ್ನು ನೋಡಲಿಲ್ಲ, ಮೊದಲು ಬಡಿದು ಕೇಳಿದರು. ಬಾಚಿಯ ಹಿಂಬದಿಯಿಂದ ತುದಿಯಿಂದ ತುದಿಗೆ ಬಡಿಯುತ್ತಾ ಹೋದರು. ಒಂದು ಕಡೆ ಸದ್ದು ಬೇರೆಯಾಯಿತು. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು, "ಇಲ್ಲಿಂದ ಈ ಕಡೆ ಗೆದ್ದಲ ತಿಂದೈತಿ, ಒಲೆಗೆ ಹಾಕ. ಉಳಿದದ್ದು ನಿನಗಿಂತ ಗಟ್ಟಿ ಐತಿ ತಮ್ಮಾ" ಎಂದರು. ಹತ್ತಡಿಯಲ್ಲಿ ಎರಡೂವರೆ ಅಡಿ ಹೋಯಿತು.

"ಅಜ್ಜಾ, ಬೇವು ನಡೀತದಾ?" ಎಂದು ಕೇಳಿದೆ.

"ತೇಗ ಮಾರಿದವರು ಹಂಗ ಕೇಳಬಾರದು" ಎಂದರು.

ಅವರು ನಕ್ಕೇ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ಹಳೆಯ ಕಟ್ಟಿಗೆಯ ಗುಣ ಅವರು ವಿವರಿಸಿದ್ದು ಹೀಗೆ. ಹಸಿ ಮರ ಒಣಗುವಾಗ ಕುಗ್ಗುತ್ತದೆ, ತಿರುಚುತ್ತದೆ, ಬಿರಿಯುತ್ತದೆ. ಮಾಳಿಗೆಯ ಕೆಳಗೆ ಎಪ್ಪತ್ತು ವರ್ಷ ಇದ್ದ ತೊಲೆ ಅದೆಲ್ಲವನ್ನೂ ಎಂದೋ ಮುಗಿಸಿಕೊಂಡಿರುತ್ತದೆ, ಇನ್ನು ಹೆಚ್ಚು ಹಟ ಮಾಡುವುದಿಲ್ಲ. ನಮ್ಮ ಕೆಲಸದಲ್ಲೂ ಹಳೆಯ ಕೋಡ್ ಎಂದರೆ ಹೊಸ ಹುಡುಗರು ಮೂಗು ಮುರಿಯುತ್ತಾರೆ, ಆದರೆ ಹತ್ತು ವರ್ಷ ಓಡಿದ ಕೋಡ್‌ನಲ್ಲಿ ಬೀಳಬೇಕಾದ ತಪ್ಪುಗಳು ಬಹುಪಾಲು ಬಿದ್ದು ಮುಗಿದಿರುತ್ತವೆ. ಇದನ್ನು ಅಜ್ಜನಿಗೆ ಹೇಳಿದೆ. "ಅದೇನೋ ನನಗೆ ತಿಳಿಯಂಗಿಲ್ಲ, ನೀ ಮೊದಲ ಮೊಳಿ ಕೀಳು" ಎಂದರು.

ಮೊಳೆ ಕೀಳುವುದೇ ಅರ್ಧ ಕೆಲಸ. ಕೊಯ್ಯುವ ಮಿಲ್ಲಿನವರು ಹಳೆಯ ತೊಲೆ ಎಂದರೆ ಕೈ ಅಡ್ಡ ಹಿಡಿಯುತ್ತಾರೆ. ಒಳಗೆ ಒಂದು ಮುರಿದ ಮೊಳೆ ಸಿಕ್ಕಿದರೆ ಗರಗಸದ ಪಟ್ಟಿಯ ಹಲ್ಲು ಹೋಗುತ್ತದೆ, ಪಟ್ಟಿ ಹರಿದು ಹಾರಿದರೆ ಆಳಿಗೂ ಅಪಾಯ. "ಮೊಳೆ ಸಿಕ್ಕರೆ ಬ್ಲೇಡಿನ ದುಡ್ಡು ನಿಮ್ಮದು" ಎಂದರು. ಆಗ ನನ್ನ ಒಂದು ಉಪಾಯ ಕೆಲಸಕ್ಕೆ ಬಂತು. ಕೆಟ್ಟುಹೋದ ಹಳೆಯ ಸ್ಪೀಕರಿನ ಹಿಂದಿರುವ ಅಯಸ್ಕಾಂತವನ್ನು ಬಿಚ್ಚಿ, ದಾರ ಕಟ್ಟಿ, ಕಟ್ಟಿಗೆಗೆ ತಾಗಿಯೂ ತಾಗದ ಹಾಗೆ ಇಳಿಬಿಟ್ಟು ನಿಧಾನ ಎಳೆಯುತ್ತಾ ಹೋದರೆ, ಮೇಲ್ಮೈಯ ಹತ್ತಿರ ಮೊಳೆ ಇರುವ ಕಡೆ ಅದು ವಾಲುತ್ತದೆ. ಗುರುತು ಹಾಕಿ, ಉಳಿಯಿಂದ ಸುತ್ತ ಕೆತ್ತಿ, ಇಕ್ಕಳದಿಂದ ಎಳೆಯಬೇಕು. ತೊಲೆ, ಜಂತಿ, ಕದ ಸೇರಿ ನೂರಾ ನಲವತ್ತು ಚಿಲ್ಲರೆ ಮೊಳೆ ಸಿಕ್ಕವು. ಕೆಲವು ಕೈಯಲ್ಲಿ ಬಡಿದು ಮಾಡಿದ ಚೌಕ ಮೊಳೆಗಳು. ಅವನ್ನು ಅಜ್ಜ ಇಸಿದುಕೊಂಡರು.

ಎರಡನೆಯದು ಕುಟ್ಟೆ ಹುಳು. ಸಣ್ಣ ತೂತು ಕಂಡ ಕೂಡಲೇ ಕಟ್ಟಿಗೆ ಎಸೆಯಬೇಕಿಲ್ಲ. ಹುಳು ತಿಂದು ಎಂದೋ ಹೋಗಿರಬಹುದು. ಕೆಳಗೆ ಕಪ್ಪು ಕಾಗದ ಹಾಸಿ, ಕಟ್ಟಿಗೆಯನ್ನು ಒಮ್ಮೆ ಬಡಿದು ಕೊಡವಿ, ಎರಡು ಮೂರು ದಿನ ಬಿಡಿ. ಮತ್ತೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಇನ್ನೂ ಇದೆ ಎಂದು ತಿಳಿಯಿರಿ. ತೀರಾ ತಿಂದದ್ದನ್ನು ಬೇರೆ ಮಾಡಿ, ಉಳಿದದ್ದಕ್ಕೆ ಒಂದು ಪಾಲು ಬೋರಿಕ್ ಆಸಿಡ್, ಒಂದೂವರೆ ಪಾಲು ಬೋರಾಕ್ಸ್ ಬಿಸಿ ನೀರಿನಲ್ಲಿ ಕರಗಿಸಿ, ಬ್ರಷ್‌ನಿಂದ ಎರಡು ಮೂರು ಸಲ ಕುಡಿಸಬೇಕು. ಬಣ್ಣ, ಎಣ್ಣೆ ಹಚ್ಚುವ ಮುಂಚೆಯೇ ಇದು ಆಗಬೇಕು, ಇಲ್ಲದಿದ್ದರೆ ಒಳಗೆ ಇಳಿಯುವುದಿಲ್ಲ. ಕೈಗೆ ಗ್ಲೌಸ್ ಹಾಕಿ, ಮಕ್ಕಳು, ದನಕರು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಕದದ ಮೇಲೆ ಹಸಿರು ಬಣ್ಣ ಪದರ ಪದರವಾಗಿತ್ತು. ನಾನು ಸ್ಯಾಂಡ್ ಪೇಪರ್ ಹಿಡಿದು ಉಜ್ಜಲು ಕೂತೆ. ಆಮೇಲೆ ನೆನಪಾಯಿತು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಬಿಗಿ ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಆ ಧೂಳು ಉಸಿರಿಗೆ ಹೋಗುತ್ತದೆ, ಎಳೆಯ ಮಕ್ಕಳ ಮಿದುಳಿಗೆ ಕೆಡುಕು. ಹಾಗಾಗಿ ನೀರು ಹಾಕಿ, ಮಾಸ್ಕ್ ಕಟ್ಟಿ, ಒದ್ದೆಯಾಗಿರುವಾಗಲೇ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ ದೂರ ಇಟ್ಟೆವು. ರೈಲು ಹಳಿಯ ಕೆಳಗಿನ ಹಳೆಯ ಸ್ಲೀಪರ್ ಎಲ್ಲಾದರೂ ಸಿಕ್ಕಿದರೂ ಹೀಗೇ ಎಚ್ಚರ ಬೇಕು. ಕಟ್ಟಿಗೆ ಕಲ್ಲಿನಂಥದ್ದು, ಆದರೆ ಹುಳು ಬೀಳದಿರಲೆಂದು ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ. ಮಲಗುವ ಮಂಚಕ್ಕೆ ಅದು ಖಂಡಿತ ಸಲ್ಲ.

ಇನ್ನು ಅಳತೆ. ಎಷ್ಟು ಎತ್ತರ ಬೇಕು ಎಂದು ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಅಜ್ಜ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, "ತಂಗೀ, ಪಾದ ಪೂರ್ತಿ ಊರು" ಎಂದು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ದಾರ ಹಿಡಿದು ಗಂಟು ಹಾಕಿಸಿದರು. ಹದಿನೇಳು ಅಂಗುಲ. ಹಾಸಿಗೆ ನಾಲ್ಕು ಅಂಗುಲ ಕಳೆದು, ಕೂತಾಗ ಅದು ಒಂದು ಅಂಗುಲ ಕುಗ್ಗುತ್ತದೆ ಎಂದು ಕೂಡಿ, ಮಂಚದ ಹಲಗೆಯ ಎತ್ತರ ಹದಿನಾಲ್ಕು ಎಂದರು. ಅಂಗಡಿಯ ಮಂಚ ಯಾರ ಮಂಡಿಯ ಅಳತೆಗೆ ಮಾಡಿರುತ್ತಾರೋ ಗೊತ್ತಿಲ್ಲ, ಇದು ನಮ್ಮವ್ವನ ಮಂಡಿಯದು. ಹಾಸಿಗೆಯನ್ನೂ ಮೊದಲೇ ತಂದಿಟ್ಟುಕೊಳ್ಳಿ. ಆರಡಿ ನಾಲ್ಕಡಿ ಎಂದು ಬಾಯಲ್ಲಿ ಹೇಳಿದ ಹಾಸಿಗೆ ಅಳೆದರೆ ಬೇರೆಯೇ ಇರುತ್ತದೆ.

ತೊಲೆಯಿಂದ ನಾಲ್ಕು ಕಾಲು, ತಲೆಕಡೆಯ ಹಾಗೂ ಕಾಲುಕಡೆಯ ಅಡ್ಡಪಟ್ಟಿ. ಜಂತಿಗಳನ್ನು ಸೀಳಿಸಿ ಉದ್ದದ ಪಕ್ಕಪಟ್ಟಿ, ನಡುಪಟ್ಟಿ ಮತ್ತು ಮೂರು ಅಂಗುಲ ಅಗಲದ ಅಡ್ಡಹಲಗೆಗಳು. ಆ ಹಲಗೆಗಳ ನಡುವೆ ಮೂರು ಅಂಗುಲಕ್ಕಿಂತ ಹೆಚ್ಚು ಸಂದು ಬಿಡಬಾರದು, ಹಾಸಿಗೆ ಕುಸಿಯುತ್ತದೆ. ಸಂದೇ ಬಿಡದಿದ್ದರೆ ಗಾಳಿಯಾಡದೆ ಬೂಸು ಹಿಡಿಯುತ್ತದೆ. ತಲೆಕಡೆಗೆ ಹಿಂಬಾಗಿಲಿನ ಕದವನ್ನೇ ಅಡ್ಡ ಮಲಗಿಸಿ ಕೂರಿಸಿದೆವು. ಚಿಲಕದ ತೂತು ಹಾಗೇ ಬಿಟ್ಟಿದ್ದೇವೆ. ಕಾಲು ಮತ್ತು ಅಡ್ಡಪಟ್ಟಿಗೆ ಅಜ್ಜ ಮೊಳೆ ಮುಟ್ಟಿಸಲಿಲ್ಲ. ಒಂದರಲ್ಲಿ ಚೌಕ ತೂತು ಹೊಡೆದು, ಇನ್ನೊಂದರಲ್ಲಿ ನಾಲಗೆ ತೆಗೆದು, ಕೂರಿಸಿ, ಅಡ್ಡ ಬೆಣೆ ಬಡಿದರು. ಉದ್ದದ ಪಟ್ಟಿಗಳಿಗೆ ಮಾತ್ರ ನನ್ನ ಮಾತು ಕೇಳಿ ಬೋಲ್ಟ್ ಹಾಕಲು ಒಪ್ಪಿದರು. ಬಾಗಿಲಲ್ಲಿ ಹಿಡಿಯದ ಮಂಚದ ಕಥೆ ಕೇಳಿ ನಕ್ಕಿದ್ದರು.

ಚೌಕಟ್ಟು ನಿಂತಾಗ ಮೂಲೆ ಸರಿಯಿದೆಯೇ ಎಂದು ನೋಡಬೇಕಲ್ಲ. ಇದೇ ಶಾಲೆಯಲ್ಲಿ ಗಣಿತದ ಮೇಷ್ಟ್ರು ಬೆರಳ ಗೆಣ್ಣಿಗೆ ಬಡಿದು ಕಲಿಸಿದ ಪೈಥಾಗೊರಸ್ ನೆನಪಾದ. ಆರರ ವರ್ಗ ಮೂವತ್ತಾರು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಐವತ್ತೆರಡು, ಅದರ ವರ್ಗಮೂಲ ಏಳು ಬಿಂದು ಎರಡು ಒಂದು. ಅಂದರೆ ಮೂಲೆಯಿಂದ ಮೂಲೆಗೆ ಏಳಡಿ ಎರಡೂವರೆ ಅಂಗುಲ ಇರಬೇಕು ಎಂದು ಹೆಮ್ಮೆಯಿಂದ ಹೇಳುವಷ್ಟರಲ್ಲಿ, ಅಜ್ಜ ಒಂದು ದಾರವನ್ನು ಈ ಮೂಲೆಯಿಂದ ಆ ಮೂಲೆಗೆ ಹಿಡಿದು, ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದು, "ಎರಡೂ ಒಂದ ಐತಿ, ಸರಿ ಐತಿ" ಎಂದು ಎದ್ದರು. ಮೇಷ್ಟ್ರು ಇಲ್ಲೇ ಇದ್ದಾರೆ. ಸರ್, ಲೆಕ್ಕವೂ ಸರಿಯಾಗಿತ್ತು.

ಕೊನೆಗೆ ಅಗಸೆ ಎಣ್ಣೆ ಹಚ್ಚಿದೆವು. ಒಂದು ಎಚ್ಚರಿಕೆ ಹೇಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ.

ಖರ್ಚು ಎಲ್ಲರೂ ಕೇಳುತ್ತಾರೆ. ಮಿಲ್ಲಿನಲ್ಲಿ ಕೊಯ್ಸಿದ್ದಕ್ಕೆ 450, ಅಜ್ಜನ ಮೂರು ದಿನದ ಕೂಲಿ 2,700, ಬೋಲ್ಟ್ 320, ಬೋರಿಕ್, ಬೋರಾಕ್ಸ್ 260, ಎಣ್ಣೆ 300, ಸ್ಯಾಂಡ್ ಪೇಪರ್ 120. ಒಟ್ಟು 4,150 ರೂಪಾಯಿ. ನನ್ನ ಐದು ದಿನದ ರಜೆ ಇದರಲ್ಲಿ ಸೇರಿಲ್ಲ, ಬೆರಳ ಮೇಲಿನ ಎರಡು ಹೊಲಿಗೆಯೂ ಸೇರಿಲ್ಲ. ಉಳಿದ ತುಂಡುಗಳಲ್ಲಿ ಔಷಧಿ, ನೀರಿನ ತಂಬಿಗೆ ಇಡಲು ಒಂದು ಸಣ್ಣ ಸ್ಟೂಲು ಆಯಿತು. ನೊಗವನ್ನು ಗೋಡೆಗೆ ಬಡಿದು ಐದು ಗೂಟ ಹೊಡೆದರೆ ಬಟ್ಟೆ ಹಾಕುವುದಕ್ಕೆ ಬೀರುವೇ ಬೇಡ.

ಮೊದಲ ರಾತ್ರಿ ಅವ್ವ ಮಂಚದ ಮೇಲೆ ಕೌದಿ ಹಾಸಿದಳು. ಅಪ್ಪನ ಧೋತರ, ಅಕ್ಕನ ಲಂಗ, ನನ್ನ ಶಾಲೆಯ ಯೂನಿಫಾರ್ಮಿನ ಖಾಕಿ ಚಡ್ಡಿಯ ತುಂಡು ಕೂಡ ಅದರಲ್ಲಿದೆ. ನಾನು ಹಳೆಯದರಿಂದ ಹೊಸದು ಮಾಡಿದೆ ಎಂದು ಬೀಗುತ್ತಿದ್ದೆನಲ್ಲ, ಆಕೆ ನಲವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಕೂತು ನೋಡಿದಳು, ಗೋಡೆ ಹಿಡಿಯದೆ ಎದ್ದಳು, ಮತ್ತೆ ಕೂತಳು. ಕದದ ಚಿಲಕದ ತೂತಿಗೆ ಬೆರಳು ಹಾಕಿ, "ಇದರಾಗಿಂದ ನೀ ಸಣ್ಣಾವ ಇದ್ದಾಗ ಇಣಿಕಿ ನೋಡ್ತಿದ್ದಿ" ಎಂದಳು. ತೇಗದ ತೊಲೆಯ ವಿಷಯವನ್ನು ಆಗಲೂ ಎತ್ತಲಿಲ್ಲ.

ನಮ್ಮ ಸೀಮೆಗೆ ಇದೇನೂ ಹೊಸತಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹಾಗೆ ಊರು ಬಿಟ್ಟವರು ಬಾಗಿಲವಾಡ, ಕಂಬ, ತೊಲೆಗಳನ್ನು ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ಬಂದರೆಂದು ಹಿರಿಯರು ಹೇಳುತ್ತಾರೆ. ನೀರು ಬೆನ್ನಟ್ಟಿ ಬರುವಾಗಲೂ ಅವರು ಬಿಚ್ಚಿದರು. ನಾವು ಯಾರೂ ಬೆನ್ನಟ್ಟದಿದ್ದರೂ ಜೆಸಿಬಿ ಕರೆಯುತ್ತೇವೆ.

ಇವತ್ತು ಊರಲ್ಲಿ ಬಸವ ವಸತಿ, ಆವಾಸ್ ಯೋಜನೆಯ ಮನೆಗಳು ಏಳುತ್ತಿವೆ, ಒಳ್ಳೆಯದೇ. ಸೋರುವ ಮಾಳಿಗೆಯ ಕೆಳಗೆ ಜೀವ ಕೈಯಲ್ಲಿ ಹಿಡಿದು ಇರಿ ಎಂದು ನಾನು ಹೇಳುವುದಿಲ್ಲ. ಆದರೆ ಕೆಡವುವ ಮುಂಚೆ ಇಬ್ಬರು ಆಳನ್ನು ಎರಡು ದಿನ ಇಟ್ಟು ಮೇಲಿನಿಂದ ಬಿಚ್ಚಿಸಿ. ಮೊದಲು ಮಣ್ಣು ಇಳಿಸಿ, ಆಮೇಲೆ ಹಲಗೆ, ಆಮೇಲೆ ಜಂತಿ, ಕಡೆಗೆ ತೊಲೆ. ಜೆಸಿಬಿಯ ಹಲ್ಲು ಬಿದ್ದ ತೊಲೆ ಉದ್ದಕ್ಕೂ ಸೀಳುತ್ತದೆ, ಆಗ ಅದು ನಿಜಕ್ಕೂ ಸೌದೆಯೇ. ಬಿಚ್ಚಿದ್ದನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ನೆರಳಲ್ಲಿ, ನಡುವೆ ಗಾಳಿಯಾಡುವಂತೆ ಒಟ್ಟಿ. ಮಾರಲೇಬೇಕು ಅಂದರೆ ಮಾರಿ, ಅದಕ್ಕೆ ಮುಂಚೆ ಅಜ್ಜನಂಥವರನ್ನು ಕರೆದು ಒಮ್ಮೆ ಬಡಿದು ನೋಡಿಸಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ನನ್ನ ಗೆಳೆಯರಿಗೆ ಇನ್ನೊಂದು ಮಾತು. ಅಂಥ ಫೋನ್ ಬಂದರೆ ಮೀಟಿಂಗಿನ ನಡುವೆ ಹೂಂ ಅನ್ನಬೇಡಿ. ಒಂದು ಶನಿವಾರ ಊರಿಗೆ ಬನ್ನಿ.

ಹೋದ ತಿಂಗಳು ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಶಾಲೆಯ ಹಿಂದಿನ ಕೋಣೆಯಲ್ಲಿ ಕಾಲು ಮುರಿದ ಹಳೆಯ ಡೆಸ್ಕುಗಳಿವೆ. ಅವುಗಳಲ್ಲಿ ನನ್ನ ಹೆಸರು ಕೆತ್ತಿದ್ದೂ ಒಂದಿದೆ, ಮೇಷ್ಟ್ರು ಕ್ಷಮಿಸಬೇಕು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಜ್ಜ ಬಾಚಿ, ಉಳಿ, ಗರಗಸ ತರಲು ಒಪ್ಪಿದ್ದಾರೆ, ಕೂಲಿ ನಮ್ಮ ಬ್ಯಾಚಿನವರದು. ಒಂಬತ್ತು, ಹತ್ತನೆಯ ತರಗತಿಯ ಹುಡುಗರು, ಹುಡುಗಿಯರು ಇಬ್ಬರೂ ಬನ್ನಿ. ಎರಡು ಮುರಿದದ್ದರಿಂದ ಒಂದು ಗಟ್ಟಿಯಾದದ್ದು ಆಗುತ್ತದೆಯೇ ನೋಡೋಣ. ನಿಮ್ಮ ಮನೆಯಲ್ಲಿ ಕೆಟ್ಟ ಸ್ಪೀಕರ್ ಇದ್ದರೆ ತನ್ನಿ, ಅಯಸ್ಕಾಂತ ನನ್ನ ಹತ್ತಿರ ಒಂದೇ ಇದೆ.